ಒಬ್ಬನೇ ಸದಸ್ಯ, ಮೂರು ಸಾಲು

ಪಟ್ಟಿಯಲ್ಲಿ ಮತ್ತೆ ಮತ್ತೆ ಬಂದ ಸಾಲುಗಳನ್ನು ತೆಗೆಯಬೇಕಾ, ಎಕ್ಸೆಲ್‌ನ ಡೇಟಾ ಟ್ಯಾಬ್‌ಗೆ ಹೋಗಿ 'ರಿಮೂವ್ ಡುಪ್ಲಿಕೇಟ್ಸ್' ಒತ್ತು, ಕೆಲಸ ಮುಗೀತು ಅಂತ ಎಲ್ಲರೂ ಹೇಳುತ್ತಾರೆ. ಎಲ್ಲಿ ಮುಗಿಯುತ್ತದೆ? ನಮ್ಮ ಸಂಘದ ಸದಸ್ಯರ ಪಟ್ಟಿಯಲ್ಲಿ 'ಮಂಜುನಾಥ್ ಕೆ' ಒಂದು ಸಾಲು, 'ಕೆ. ಮಂಜುನಾಥ' ಇನ್ನೊಂದು. ಮೂರನೆಯದು ಮೊದಲನೆಯದರ ಹಾಗೇ ಇದೆ, ಆದರೆ ಕೊನೆಗೊಂದು ಸ್ಪೇಸ್ ಸೇರಿಕೊಂಡಿದೆ. ಕಣ್ಣಿಗೆ ಕಾಣುವುದೇ ಇಲ್ಲ! ಎಕ್ಸೆಲ್‌ಗೆ ಮಾತ್ರ ಮೂರೂ ಬೇರೆ ಬೇರೆ. ಆ ಸ್ಪೇಸನ್ನು ತೆಗೆಯಲು ಟ್ರಿಮ್ ಅನ್ನೋ ಫಾರ್ಮುಲಾ ಇದೆ, ಸರಿ. ಆದರೆ ವೆಬ್‌ನಿಂದ ಕಾಪಿ ಮಾಡಿದಾಗ ಜೊತೆಗೇ ಬರುವ 160ನೇ ನಂಬರಿನ ಸ್ಪೇಸನ್ನು (ನೋಡಲು ಮಾಮೂಲಿ ಸ್ಪೇಸ್ ಥರವೇ, ಆದರೆ ಕಂಪ್ಯೂಟರಿಗೆ ಬೇರೆಯೇ ಅಕ್ಷರ) ಟ್ರಿಮ್ ಮುಟ್ಟುವುದಿಲ್ಲ. ಅದಕ್ಕೆ ಬೇರೆಯಾಗಿ, ಒಂದು ಅಕ್ಷರವನ್ನು ಇನ್ನೊಂದಕ್ಕೆ ಬದಲಿಸುವ ಸಬ್‌ಸ್ಟಿಟ್ಯೂಟ್ ಫಾರ್ಮುಲಾ ಬರೆಯಬೇಕು.

ಜಾಸ್ತಿ ಸಿಟ್ಟು ಬರೋದು ಇನ್ನೊಂದಕ್ಕೆ. ಹೆಸರಿನ ಕಾಲಂ ಮಾತ್ರ ಟಿಕ್ ಮಾಡಿದರೆ ಮೇಲಿನ ಸಾಲು ಉಳಿಸಿಕೊಂಡು ಅದೇ ಹೆಸರಿನ ಕೆಳಗಿನವನ್ನೆಲ್ಲ ಅಳಿಸಿಬಿಡುತ್ತದೆ. ಆಮೇಲೆ ಸೇರಿಸಿದ ಹೊಸ ಫೋನ್ ನಂಬರ್ ಇರುವುದು ಕೆಳಗಿನ ಸಾಲಿನಲ್ಲೇ ಅಲ್ವಾ? ಎಷ್ಟು ಹೋಯಿತು ಅಂತ ಹೇಳುತ್ತದೆ, ಯಾವುದು ಹೋಯಿತು ಅಂತ ಬಾಯಿ ಬಿಡುವುದಿಲ್ಲ. ಅಳಿಸುವ ಮುಂಚೆ ಒಂದ್ಸಲ ತೋರಿಸಬಾರದೇ? ಹೀಗಾಗಿ ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಮತ್ತೆ ಬಂದ ಹೆಸರುಗಳಿಗೆ ಬಣ್ಣ ಹಾಕಿ, ಒಂದೊಂದೇ ಸಾಲು ನೋಡುತ್ತಾ ಕೈಯಾರೆ ಅಳಿಸುತ್ತಾ ಕೂರಬೇಕು.