ಐಸೆನ್‌ಹೋವರ್ ಆಟ ನಿಲ್ಲಿಸಿದ್ದು ಜಿಮ್ ಥಾರ್ಪ್ ಅಲ್ಲ

1912ರಲ್ಲಿ ಜಿಮ್ ಥಾರ್ಪ್ ಗುದ್ದಿ ಐಸೆನ್‌ಹೋವರ್ ಮಂಡಿ ಮುರಿದ, ಅವತ್ತೇ ಅವರ ಫುಟ್ಬಾಲ್ ಮುಗೀತು, ಇಲ್ದಿದ್ರೆ ಅವ್ರು ಅಮೆರಿಕದ ಪ್ರೆಸಿಡೆಂಟೇ ಆಗ್ತಿರ್ಲಿಲ್ಲ ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ, ಅರ್ಧ ನಿಜ, ಉಳಿದಿದ್ದು ಒಗ್ಗರಣೆ. ಮ್ಯಾಚ್ ನಡೆದಿದ್ದು ಹೌದು, ನವೆಂಬರ್ 9ಕ್ಕೆ ಐಸೆನ್‌ಹೋವರ್ ಓದ್ತಿದ್ದ ಅಮೆರಿಕನ್ ಸೇನಾ ಅಕಾಡೆಮಿ ವೆಸ್ಟ್ ಪಾಯಿಂಟ್‌ನಲ್ಲೇ, ಥಾರ್ಪ್ ಇದ್ದ ಕಾರ್ಲೈಲ್ ಇಂಡಿಯನ್ ಸ್ಕೂಲ್ (ಅಮೆರಿಕದ ಮೂಲನಿವಾಸಿಗಳ ಶಾಲೆ) ಹುಡುಗ್ರು ಅಕಾಡೆಮಿಯ ಆರ್ಮಿ ಟೀಮಿಗೆ 27-6ರಲ್ಲಿ ಸರಿಯಾಗಿ ಬಾರಿಸಿದ್ರು (ಅಮೆರಿಕನ್ ಫುಟ್ಬಾಲ್ ಸ್ವಾಮಿ, ನಮ್ಮ ಫುಟ್ಬಾಲ್ ಅಲ್ಲ), ಥಾರ್ಪ್ ಅದೇ ವರ್ಷ ಸ್ಟಾಕ್‌ಹೋಮ್ ಒಲಿಂಪಿಕ್ಸಲ್ಲಿ ಎರಡು ಚಿನ್ನ ಹೊಡ್ಕೊಂಡು ಬಂದಿದ್ದ, ಅವನನ್ನ ಹಿಡಿಯೋಕೆ ಹೋಗಿ ಐಸೆನ್‌ಹೋವರ್‌ಗೂ ಪೆಟ್ಟಾಯ್ತು. ಆದ್ರೆ ಮುಂದಿನ ವಾರ ಟಫ್ಟ್ಸ್ ಕಾಲೇಜ್ ಮೇಲೆ ಮತ್ತೆ ಆಡಿದ್ರಲ್ಲ! ಮಂಡಿ ಕೆಟ್ಟಿದ್ದು ಆ ಮ್ಯಾಚಲ್ಲಿ. ಆಮೇಲೆ ಕುದುರೆ ಡ್ರಿಲ್‌ನಲ್ಲಿ ಹಾರಿ ಇಳಿಯೋವಾಗ ಅದೇ ಮಂಡಿ ಪೂರ್ತಿ ಕೈಕೊಡ್ತು, ಅಲ್ಲಿಗೆ ಆಟ ಬಂದ್, ಜೂನಿಯರ್ ಟೀಮ್ ಕೋಚು, ಚಿಯರ್‌ಲೀಡರ್ ಆಗಿ ಕಾಲ ಹಾಕಿದ್ರು.

ಆ ಸೀಸನ್ ಆರ್ಮಿ ಸೋತಿದ್ದು ಕಾರ್ಲೈಲ್ ಮ್ಯಾಚೊಂದೇ ಅಂತ ಹೇಳೋದೂ ಸುಳ್ಳು. ಯೇಲ್ ಯೂನಿವರ್ಸಿಟಿ ಹತ್ರ 6-0, ನೌಕಾ ಅಕಾಡೆಮಿಯ ನೇವಿ ಟೀಮ್ ಹತ್ರನೂ 6-0 ಸೋತಿದ್ರು. ಒಟ್ಟು 5 ಗೆಲುವು, 3 ಸೋಲು.