ಬೆಕ್ಕಿನವರ ಟವೆಲ್

ನಮ್ಮ ಪ್ರಾಣಿದಯಾ ಸಂಘದ ಹಾಜರಿ ಪುಸ್ತಕದಲ್ಲಿ ಎಲ್ಲರ ಹೆಸರಿನ ಮುಂದೆಯೂ ‘ಸ್ವಯಂಸೇವಕರು’ ಎಂದೇ ಬರೆದಿದೆ. ಆದರೆ ಅಲ್ಲಿ ಒಂದು ವಾರ ಓಡಾಡಿದವರಿಗೆ, ಒಳಗಿರುವುದು ಎರಡು ಪಂಗಡ ಎಂಬುದು ತಾನಾಗಿಯೇ ತಿಳಿಯುತ್ತದೆ: ನಾಯಿಯವರು ಮತ್ತು ಬೆಕ್ಕಿನವರು. ನಾನು ಹನ್ನೊಂದು ವರ್ಷಗಳಿಂದ ನಾಯಿಯವನು. ಎರಡು ಪಂಗಡಗಳ ನಡುವೆ ಏನೋ ಆಳವಾದ ತಾತ್ವಿಕ ಭಿನ್ನಾಭಿಪ್ರಾಯ ಇರಬೇಕೆಂದು ಹೊರಗಿನವರು ಗೌರವದಿಂದ ಊಹಿಸಿಕೊಳ್ಳುತ್ತಾರೆ. ಇರುವುದು ಟವೆಲ್ಲಿನ ಜಗಳ.

ದಾನಿಗಳು ಹಳೆಯ ಟವೆಲ್ಲುಗಳನ್ನು ಗಂಟು ಕಟ್ಟಿ ತಂದುಕೊಡುತ್ತಾರೆ; ಅವನ್ನು ಎರಡು ವಿಭಾಗಗಳೂ ಸಮನಾಗಿ ಹಂಚಿಕೊಳ್ಳಬೇಕೆಂಬುದು ನಿಯಮ. ನಮ್ಮ ಪಾಲಿಗೆ ಬಂದದ್ದು ಹದಿನೈದು ದಿನಗಳಲ್ಲಿ ನಿರ್ನಾಮವಾಗುತ್ತದೆ. ಕಜ್ಜಿ ಹತ್ತಿದ ನಾಯಿಗೆ ಔಷಧಿಯ ಸ್ನಾನ ಮಾಡಿಸಿ ಮೈ ಒರೆಸಲು ಹೋದರೆ, ಅದು ಟವೆಲ್ಲಿನ ಇನ್ನೊಂದು ತುದಿಯನ್ನು ಕಚ್ಚಿಕೊಂಡು ಹಗ್ಗಜಗ್ಗಾಟಕ್ಕೆ ಆಹ್ವಾನಿಸುತ್ತದೆ. ಆ ಆಹ್ವಾನವನ್ನು ತಿರಸ್ಕರಿಸುವಷ್ಟು ಗಂಭೀರ ಮನುಷ್ಯರು ನಮ್ಮ ವಿಭಾಗದಲ್ಲಿ ಇದುವರೆಗೆ ಸೇರಿಲ್ಲ. ಬೆಕ್ಕಿನವರಿಗಾದರೋ ಟವೆಲ್ಲೇ ಆಯುಧ, ಟವೆಲ್ಲೇ ಔಷಧ. ಮಾತ್ರೆ ನುಂಗಿಸಬೇಕಾದ ಬೆಕ್ಕನ್ನು ಅವರು ಕೂಸಿಗೆ ಬಟ್ಟೆ ಸುತ್ತುವಂತೆ ಮುಖವೊಂದನ್ನೇ ಬಿಟ್ಟು ಸುತ್ತುತ್ತಾರೆ. ಬೋನಿಗೆ ಬಿದ್ದ ಬೆಕ್ಕಿಗೆ ಕತ್ತಲಾಗಲೆಂದು ಮೇಲಿಂದ ಹೊದಿಸುತ್ತಾರೆ. ಬೆಕ್ಕು ತನ್ನದೇ ವಾಸನೆಯಿದ್ದಲ್ಲಿ ನೆಮ್ಮದಿಯಿಂದಿರುತ್ತದೆಂದು ಪಂಜರದ ಹಾಸನ್ನೆಲ್ಲ ಒಟ್ಟಿಗೇ ಒಗೆಯದೆ ಒಂದು ತುಂಡನ್ನು ಹಾಗೆಯೇ ಉಳಿಸುತ್ತಾರೆ. ಆದ್ದರಿಂದಲೇ ಅವರ ಪ್ರತಿಯೊಂದು ಟವೆಲ್ಲಿನ ಮೂಲೆಯಲ್ಲೂ ನೀಲಿ ದಾರದಲ್ಲಿ ‘ಬೆ’ ಎಂಬ ಅಕ್ಷರವಿರುತ್ತದೆ. ಕಳೆದ ವರ್ಷದ ದಾಸ್ತಾನು ಪುಸ್ತಕದ ಪ್ರಕಾರ ಬೆಕ್ಕಿನ ವಿಭಾಗದಲ್ಲಿ 40 ಟವೆಲ್ಲುಗಳಿದ್ದವು, ನಾಯಿಯ ವಿಭಾಗದಲ್ಲಿ ಮೂರೂವರೆ.

ಆ ದಾರ ಹೊಲಿಯುವವರು ಬೆಕ್ಕಿನ ವಿಭಾಗದ ಹಿರಿಯರು. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತೇವೆ, ಅವರಿಗಿಂತ ಹತ್ತು ವರ್ಷ ದೊಡ್ಡವರಾದ ನಮ್ಮ ಅಧ್ಯಕ್ಷರೂ ಸೇರಿದಂತೆ. ನಾವು ಹಗಲಿನಲ್ಲಿ ಎಂಟು ಜನ ಸೇರಿ, ಬಲೆ, ಪಟ್ಟಿ, ಲಸಿಕೆಯ ಪೆಟ್ಟಿಗೆಗಳನ್ನು ಹೊತ್ತು, ಒಂದು ಬೀದಿಗೆಲ್ಲ ಕೇಳುವಂತೆ ಕೆಲಸ ಮಾಡುತ್ತೇವೆ. ರೇಬಿಸ್ ಹರಡುವುದು ನಿಲ್ಲಬೇಕಾದರೆ ನೂರಕ್ಕೆ 70 ನಾಯಿಗಳಿಗಾದರೂ ಲಸಿಕೆ ಬೀಳಬೇಕಾದ್ದರಿಂದ ನಮಗೆ ಲೆಕ್ಕ, ಗದ್ದಲ, ಜನ ಎಲ್ಲವೂ ಬೇಕು. ಅಕ್ಕ ರಾತ್ರಿ ಹನ್ನೊಂದರ ಮೇಲೆ ಒಬ್ಬರೇ ಹೋಗಿ, ಒಂದು ಗೋಡೆಯ ಪಕ್ಕದಲ್ಲಿ ನಾಲ್ಕು ಗಂಟೆ ಕುಳಿತು, ಒಂದು ಬೆಕ್ಕನ್ನು ತರುತ್ತಾರೆ. ಅಥವಾ ತರುವುದಿಲ್ಲ, ತರದಿದ್ದ ದಿನವೂ ಅವರ ಮುಖ ಹಾಗೆಯೇ ಇರುತ್ತದೆ. ಸಂಘದ ಗುಂಪಿಗೆ ನಾವು ಕಳಿಸುವ ಚಿತ್ರಗಳಲ್ಲಿ ನಾಯಿ ನಾಲಗೆ ಚಾಚಿ ಕ್ಯಾಮೆರಾವನ್ನೇ ನೋಡುತ್ತಿರುತ್ತದೆ. ಅಕ್ಕ ಕಳಿಸುವ ಚಿತ್ರದಲ್ಲಿ ಕಗ್ಗತ್ತಲು ಮತ್ತು ಎರಡು ಹಸಿರು ಚುಕ್ಕೆಗಳಿರುತ್ತವೆ. ಕೆಳಗೆ, ‘ಇವಳು ಸ್ವಲ್ಪ ಸೊರಗಿದ್ದಾಳೆ’ ಎಂದು ಬರೆದಿರುತ್ತದೆ.

ದತ್ತು ಕೇಳಿ ಬರುವವರನ್ನು ವಿಚಾರಿಸುವ ಬಗೆಯೂ ಬೇರೆಯೇ. ನಾವು ಹತ್ತು ನಿಮಿಷ ಮಾತನಾಡಿಸಿ, ನಾಯಿ ಬಂದವರ ಮುಖ ನೆಕ್ಕಿತೆಂದರೆ ಅರ್ಧ ಒಪ್ಪಿಗೆ ಕೊಟ್ಟುಬಿಡುತ್ತೇವೆ, ಅದು ಅಂಚೆಯವರ ಮುಖವನ್ನೂ ನೆಕ್ಕುತ್ತದೆಂಬುದನ್ನು ಮರೆತು. ಅಕ್ಕ ಕಿಟಕಿಗೆ ಜಾಲರಿ ಇದೆಯೇ, ಹೂದಾನಿಯಲ್ಲಿ ಲಿಲ್ಲಿ ಹೂ ಇಡುತ್ತೀರಾ, ಜ್ವರಕ್ಕೆಂದು ಮನುಷ್ಯರ ಪ್ಯಾರಾಸಿಟಮಾಲ್ ಕೊಡುವ ಅಭ್ಯಾಸವಿದೆಯೇ ಎಂದು ಒಂದೊಂದಾಗಿ ಕೇಳುತ್ತಾರೆ. ಕೊನೆಯ ಎರಡೂ ಬೆಕ್ಕಿನ ಪ್ರಾಣ ತೆಗೆಯುವಂಥವು, ಕೇಳಬೇಕಾದದ್ದೇ. ಆದರೆ ಅವರು ಕೇಳುವ ಧಾಟಿಗೆ, ಬಂದವರು ಮಾಡದ ತಪ್ಪನ್ನೂ ಒಪ್ಪಿಕೊಂಡು ಹೋದದ್ದುಂಟು.

ವಾರ್ಷಿಕ ಸಭೆಯಲ್ಲಿ ನಾನೊಮ್ಮೆ ಇತಿಹಾಸವನ್ನು ಎಳೆದುತಂದೆ. ಲಂಡನ್ನಿನಲ್ಲಿ ಮೇರಿ ಟೀಲ್ಬಿ ಎಂಬಾಕೆ 1860ರಲ್ಲಿ ತೆರೆದ, ಮುಂದೆ ಬ್ಯಾಟರ್ಸಿಯ ಹೆಸರಿನಿಂದ ಪ್ರಸಿದ್ಧವಾದ ಆಶ್ರಯಧಾಮ ನಾಯಿಗಳಿಗಾಗಿಯೇ ಹುಟ್ಟಿದ್ದು. ಬೆಕ್ಕುಗಳಿಗೆ ಅಲ್ಲಿ ಬಾಗಿಲು ತೆರೆದದ್ದು 1883ರಲ್ಲಿ. ಆದ್ದರಿಂದ ಹಿರಿತನದ ಲೆಕ್ಕದಲ್ಲಿ ಟವೆಲ್ಲಿನ ದೊಡ್ಡ ಪಾಲು ನಮಗೆ ಸಲ್ಲಬೇಕು ಎಂಬುದು ನನ್ನ ವಾದವಾಗಿತ್ತು. ಅಕ್ಕ ತಲೆಯೆತ್ತದೆ, “ಇಪ್ಪತ್ಮೂರು ವರ್ಷ ಬೆಕ್ಕುಗಳಿಗೆ ಅದರ ಅಗತ್ಯ ಕಂಡಿರಲಿಲ್ಲ, ಸಾರ್” ಎಂದರು. ಸೋಲೊಪ್ಪದೆ ನಾನು ಪಾರ್ವೋ ರೋಗವನ್ನು ಹಿಡಿದೆ. ನಮ್ಮ ಮರಿಗಳನ್ನು ಸಾಲುಸಾಲಾಗಿ ಮಲಗಿಸುವ ಆ ವೈರಾಣು 1970ರ ದಶಕದ ಕೊನೆಯಲ್ಲಿ ಕಾಣಿಸಿಕೊಂಡಿತು. ಅದು ಬೆಕ್ಕುಗಳ ಪ್ಯಾನ್‌ಲ್ಯುಕೊಪೀನಿಯಾ ವೈರಾಣುವಿನಿಂದಲೋ ಅದರ ಹತ್ತಿರದ ನೆಂಟನಿಂದಲೋ ಹುಟ್ಟಿದ್ದೆಂದು ವಿಜ್ಞಾನಿಗಳು ಹೇಳುತ್ತಾರೆ. “ಅಂದರೆ ಮೂಲ ನೀವೇ” ಎಂದೆ. ಅಕ್ಕ ನನ್ನನ್ನು ನೋಡಿದ ನೋಟದಲ್ಲಿ, ಆ ವೈರಾಣುವನ್ನು ಅವರೇ ಹೊಲಿದು ಕಳಿಸಿರಬಹುದೆಂಬ ಅನುಮಾನ ನನಗೂ ಬಂತು. ಎರಡೂ ವಿಭಾಗಗಳಿಗೆ ಬೇರೆಬೇರೆ ಬ್ಲೀಚಿನ ಡಬ್ಬ ಇರತಕ್ಕದ್ದೆಂಬ ಠರಾವಿನೊಂದಿಗೆ ಸಭೆ ಮುಗಿಯಿತು.

ಇಷ್ಟರ ಮೇಲೂ, ಅಕ್ಕನಿಗೆ ಜ್ವರ ಬಂದ ರಾತ್ರಿ ಬೋನು ಹಿಡಿದು ಹೋಗಬೇಕಾಗಿ ಬಂದದ್ದು ನನಗೇ. ಹಿಡಿಯಬೇಕಾಗಿದ್ದದ್ದು ಬೂದು ಪಟ್ಟೆಯ ಒಂದು ಹೆಣ್ಣುಬೆಕ್ಕನ್ನು. ಅದರ ಮರಿಗಳು ಆಗಷ್ಟೇ ಹಾಲು ಬಿಟ್ಟಿದ್ದವು. ಇನ್ನು ತಡಮಾಡಿದರೆ ಎರಡು ತಿಂಗಳಲ್ಲಿ ಮತ್ತೊಂದು ಸೂಲು ಖಂಡಿತವಾಗಿತ್ತು. ಬೋನಿನ ತುದಿಯಲ್ಲಿ ಮೀನಿಟ್ಟು ದೂರ ಕುಳಿತೆ. ಹನ್ನೊಂದೂವರೆಗೆ ಬಾಗಿಲು ಬಿದ್ದ ಸದ್ದಾಯಿತು. ಓಡಿಹೋಗಿ ನೋಡಿದರೆ ಒಳಗೆ ದಪ್ಪನೆಯ ಗಂಡುಬೆಕ್ಕೊಂದು ಊಟ ಮಾಡುತ್ತಿತ್ತು, ಅದರ ಕಿವಿಯ ತುದಿ ನೇರವಾಗಿ ಕತ್ತರಿಸಿತ್ತು. ಅಂದರೆ ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಎಂದೋ ಆಗಿದೆ ಎಂದರ್ಥ. ಬಿಟ್ಟೆ. ಹನ್ನೆರಡಕ್ಕೆ ಅದೇ ಬಂತು. ಒಂದು ಗಂಟೆಗೂ ಅದೇ. ಬಾಗಿಲು ಬಿದ್ದರೆ ಏನೂ ಆಗುವುದಿಲ್ಲ, ಒಬ್ಬ ಮನುಷ್ಯ ಬಂದು ತೆರೆದುಕೊಡುತ್ತಾನೆ ಎಂಬುದನ್ನು ಅದು ಕಲಿತುಬಿಟ್ಟಿತ್ತು. ನಾಯಿಗಳಿಗೆ ‘ಕೂತ್ಕೋ’ ಕಲಿಸಲು ನಾನು ಇದಕ್ಕಿಂತ ಹೆಚ್ಚು ದಿನ ತೆಗೆದುಕೊಂಡಿದ್ದೇನೆ.

ಎರಡು ಗಂಟೆಗೆ ಗೋಡೆಯ ಮೇಲೆ ಪಟ್ಟೆಬೆಕ್ಕು ಕಾಣಿಸಿತು. ಹನ್ನೊಂದು ವರ್ಷಗಳ ಅಭ್ಯಾಸಬಲದಿಂದ ನಾನು ಅದರ ಕಣ್ಣಲ್ಲಿ ಕಣ್ಣಿಟ್ಟು ಮೆಲ್ಲನೆ ಶಿಳ್ಳೆ ಹಾಕಿದೆ. ಅದು ಮಾಯವಾಯಿತು. ಅಕ್ಕನಿಗೆ ಸಂದೇಶ ಕಳಿಸಿದರೆ, ‘ನಿಮ್ಮದು ನಾಯಿ ನೋಟ ಸಾರ್. ದಿಟ್ಟಿಸಬೇಡಿ. ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿರಿ’ ಎಂಬ ಉತ್ತರ ಬಂತು. ಇದು ಜ್ವರದ ಮಾತಲ್ಲ. ಹಾಗೆ ನಿಧಾನವಾಗಿ ಕಣ್ಣು ಕಿರಿದುಮಾಡುವ ಮನುಷ್ಯರ ಹತ್ತಿರಕ್ಕೆ ಬೆಕ್ಕುಗಳು ಹೆಚ್ಚು ಸುಲಭವಾಗಿ ಬರುತ್ತವೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ನಾನು ಗೋಡೆಯ ಕಡೆಗೆ ತಿರುಗಿ ಕಣ್ಣು ಮುಚ್ಚಿ ತೆರೆಯುತ್ತ ಕುಳಿತೆ. ಐದಾರು ಸಲವಾದ ಮೇಲೆ ತೆರೆಯುವುದು ಮರೆತುಹೋಗಿರಬೇಕು, ಏಕೆಂದರೆ ಮುಂದಿನ ಸದ್ದು ಕೇಳಿದಾಗ ಗಂಟೆ ಮೂರೂವರೆಯಾಗಿತ್ತು ಮತ್ತು ಬೋನಿನೊಳಗೆ ಪಟ್ಟೆಬೆಕ್ಕಿತ್ತು.

ಬೋನಿಗೆ ಹೊದಿಸಲು ಟವೆಲ್ ಮಾತ್ರ ಇರಲಿಲ್ಲ. ಬೆಳಕಿನಲ್ಲಿ ಸಿಕ್ಕಿಕೊಂಡ ಬೆಕ್ಕು ಸರಳುಗಳಿಗೆ ಅಪ್ಪಳಿಸುತ್ತಿತ್ತು. ನಾನು ‘ಏನಿಲ್ಲ ಪುಟ್ಟಾ, ಏನಿಲ್ಲ’ ಎಂದು ನಾಯಿಗೆ ಹೇಳುವ ದಪ್ಪ ದನಿಯಲ್ಲಿ ಹೇಳಿದಷ್ಟೂ ಅದರ ಭಯ ಹೆಚ್ಚುತ್ತಿತ್ತು. ಹೇಗೋ ಕಾರಿನ ಹಿಂದಿನ ಸೀಟಿನಲ್ಲಿಟ್ಟು ಬಾಗಿಲು ಹಾಕಿಕೊಂಡೆ. ಬೋನಿಗೆ ಹಿಂಬಾಗಿಲೂ ಇರುತ್ತದೆ, ಅದಕ್ಕೊಂದು ಕೊಂಡಿಯೂ ಇರುತ್ತದೆ ಎಂಬುದು ನನಗೆ ಗೊತ್ತಾದದ್ದು, ಬೆಕ್ಕು ನನ್ನ ಹೆಗಲಿನ ಮೇಲಿಂದ ಹಾರಿ ಡ್ಯಾಶ್‌ಬೋರ್ಡಿನ ಕೆಳಗಿನ ಸಂದಿಯಲ್ಲಿ ಸೇರಿಕೊಂಡಾಗ.

ಈ ಸಲ ಅಕ್ಕ ಫೋನೇ ಮಾಡಿದರು. “ಮಾತಾಡಬೇಡಿ. ಶಿಳ್ಳೆ ಬೇಡ. ಕೈ ಹಾಕಬೇಡಿ. ಬೋನನ್ನು ಒಳಗೇ ಇಡಿ, ಮೀನು ಹಾಕಿ, ನೀವು ಕೆಳಗಿಳಿದು ಸುಮ್ಮನಿರಿ.”

“ಎಷ್ಟು ಹೊತ್ತು ಅಕ್ಕ?”

“ಅದು ಬೆಕ್ಕಿಗೆ ಬಿಟ್ಟದ್ದು.”

ಸುಮ್ಮನಿರುವುದು ನಾಯಿಯವರಿಗೆ ಒಗ್ಗಿಬಂದ ವಿದ್ಯೆಯಲ್ಲ. ಕಾರಿನ ಪಕ್ಕದ ಕಟ್ಟೆಯ ಮೇಲೆ ಕುಳಿತು ಎದ್ದು, ಎದ್ದು ಕುಳಿತು, ಅದಕ್ಕೆ ಕೇಳಿಸದಂತೆ ಅದನ್ನೇ ಸಮಾಧಾನಪಡಿಸುತ್ತ ಬೆಳಗು ಮಾಡಿದೆ. ಆರಕ್ಕೆ ಕಿಟಕಿಯಲ್ಲಿ ಇಣುಕಿದರೆ ಬೆಕ್ಕು ಮೀನು ಮುಗಿಸಿ, ಬೋನಿನೊಳಗೇ ಮುಖ ತೊಳೆದುಕೊಳ್ಳುತ್ತಿತ್ತು. ಎರಡೂ ಕೊಂಡಿಗಳನ್ನು ಎರಡೆರಡು ಸಲ ಮುಟ್ಟಿನೋಡಿ ಮನೆಗೆ ಬಂದೆ. ಸ್ನಾನದ ಮನೆಯಲ್ಲಿ ಕೈಗೆ ಸಿಕ್ಕಿದ ಟವೆಲ್ ತಂದು ಬೋನಿಗೆ ಹೊದಿಸಿದೊಡನೆ ಒಳಗಿನ ಗುರುಗುರು ನಿಂತುಹೋಯಿತು. ಅದು ನನ್ನ ಹೆಂಡತಿಯ ಹೊಸ ಟವೆಲ್ ಎಂಬುದು ಅನಂತರ ತಿಳಿದ ವಿಚಾರ.

ಮರುದಿನ ಬೆಕ್ಕಿಗೆ ಶಸ್ತ್ರಚಿಕಿತ್ಸೆಯಾಯಿತು, ಕಿವಿಗೆ ಗುರುತೂ ಬಿತ್ತು. ಸಂಜೆ ಟವೆಲ್ ಕೇಳಲು ಹೋದಾಗ ಅಕ್ಕ ತುಟಿಯ ಮೇಲೆ ಬೆರಳಿಟ್ಟರು. ಬೆಕ್ಕು ಅದರ ಮೇಲೆ ಮಲಗಿತ್ತು; ಮಲಗಿದ ಬೆಕ್ಕನ್ನು ಎಬ್ಬಿಸುವ ಪದ್ಧತಿ ಅವರಲ್ಲಿಲ್ಲ. ಮರುದಿನವೂ ಮಲಗಿತ್ತು. ಮೂರನೆಯ ದಿನ ಅದನ್ನು ಅದರ ಗೋಡೆಯ ಬಳಿ ಬಿಟ್ಟುಬಂದ ಮೇಲೆ ಹೋಗಿ ನೋಡಿದರೆ, ಟವೆಲ್ ಒಗೆದು, ಒಣಗಿ, ನಾಲ್ಕು ಮಡಿಕೆಯಾಗಿ ಬೀರುವಿನಲ್ಲಿತ್ತು. ಮೂಲೆಯಲ್ಲಿ ನೀಲಿ ದಾರವಿತ್ತು.

ಆ ತಿಂಗಳ ದಾಸ್ತಾನು ಪುಸ್ತಕಕ್ಕೆ ಸಹಿ ಹಾಕುವ ಸರದಿ ನನ್ನದಾಗಿತ್ತು. ಬೆಕ್ಕಿನ ವಿಭಾಗ, ಟವೆಲ್ 41. ನಾಯಿಯ ವಿಭಾಗ, ಟವೆಲ್ 2, ಚಿಂದಿ 1.