ಗಂಡಸ್ರ ಜಗಳಕ್ಕೆಲ್ಲ ಟೆಸ್ಟೋಸ್ಟೆರಾನೇ ಕಾರಣನಾ?

ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಮತ್ತೆ ಅದೇ ಫಾರ್ವರ್ಡ್ ಬಂತು. ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ಗಂಡಸ್ರು ಹಾರ್ನ್ ಹೊಡ್ಕೊಂಡು ಜಗಳಕ್ಕೆ ನಿಲ್ಲೋದು ಟೆಸ್ಟೋಸ್ಟೆರಾನ್ (ಗಂಡಸರಲ್ಲಿ ಮುಖ್ಯವಾಗಿ ಬೀಜದಲ್ಲಿ, ಅಂದ್ರೆ ವೃಷಣದಲ್ಲಿ, ತಯಾರಾಗೋ ಹಾರ್ಮೋನ್) ಜಾಸ್ತಿ ಆಗಿ ಅಂತೆ. ಪೂರ್ತಿ ಸುಳ್ಳಲ್ಲ, ಆದ್ರೆ ಇಷ್ಟು ಸಲೀಸೂ ಅಲ್ಲ.

ಈ ನಂಬಿಕೆ ಹಳೇದು. 1849ರಲ್ಲಿ ಜರ್ಮನಿಯ ಬೆರ್ಟೋಲ್ಡ್ ಅನ್ನೋ ವಿಜ್ಞಾನಿ ಹುಂಜಗಳ ಬೀಜ ತೆಗೆದು ನೋಡಿದ್ರು, ಕೂಗೋದು ಕಾದಾಡೋದು ಎಲ್ಲಾ ತಣ್ಣಗಾಯ್ತು, ಬೀಜನ ವಾಪಸ್ ಹೊಟ್ಟೆಯೊಳಗೆ ಇಟ್ರೆ ಮತ್ತೆ ಶುರು! ಅದಕ್ಕೇ ಜನ ಹಾರ್ಮೋನ್ ಅಂದ್ರೆ ಜಗಳ ಅಂದ್ಕೊಂಡ್ರು. ಆದ್ರೆ ಕೆಲವು ಹಕ್ಕಿಗಳಲ್ಲಿ, ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದ ಮೇಲೇ ಟೆಸ್ಟೋಸ್ಟೆರಾನ್ ಏರುತ್ತೆ, ಅಂದ್ರೆ ಕಿತ್ತಾಟ ಮೊದ್ಲು, ಹಾರ್ಮೋನ್ ಆಮೇಲೆ.

ಮನುಷ್ಯರಲ್ಲಂತೂ ನಂಟು ಇನ್ನೂ ಸಡಿಲ. 2010ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಒಂದು ಪ್ರಯೋಗದಲ್ಲಿ ಕೆಲವು ಹೆಂಗಸರಿಗೆ ಟೆಸ್ಟೋಸ್ಟೆರಾನ್, ಉಳಿದವ್ರಿಗೆ ಬರೀ ಡಮ್ಮಿ ಔಷಧಿ ಕೊಟ್ಟು ದುಡ್ಡು ಹಂಚೋ ಆಟ ಆಡ್ಸಿದ್ರು. ಹಾರ್ಮೋನ್ ತಗೊಂಡವ್ರೇ ಹೆಚ್ಚು ನ್ಯಾಯವಾಗಿ ಹಂಚಿದ್ರು. ಮಜಾ ಏನಪ್ಪಾ ಅಂದ್ರೆ, ಯಾವ್ದು ಸಿಕ್ಕಿದ್ರೂ ಸರಿ, 'ನಂಗೆ ಟೆಸ್ಟೋಸ್ಟೆರಾನ್ ಕೊಟ್ಟಿದಾರೆ' ಅಂತ ನಂಬಿದವ್ರು ಜಿಪುಣತನ ತೋರಿಸಿದ್ರು. ಈ ಫಾರ್ವರ್ಡ್ ಓದಿದ್ರೆ ಆಗೋದೂ ಅದೇ ತಾನೇ!

ಬೀಜ ತೆಗೆಯೋ ಆಪರೇಷನ್ ಮಾಡಿದ್ರೆ ಬೀದಿನಾಯಿ ಕಚ್ಚಲ್ಲ ಅಂತ್ಲೂ ಆ ಫಾರ್ವರ್ಡಲ್ಲಿತ್ತು. ಹೆಣ್ಣಿಗಾಗಿ ಗಂಡುನಾಯಿಗಳು ಕಿತ್ತಾಡೋದು ಕಮ್ಮಿ ಆಗ್ಬೋದು, ಭಯಕ್ಕೆ ಕಚ್ಚೋದು ಬೇರೆ ವಿಷ್ಯ. ನಮ್ಮ ಗೇಟ್ ಹತ್ರದ ನಾಯಿ ಕರಿಯಂಗೆ ಆಪರೇಷನ್ ಆಗಿ ಅದರ ಗುರುತಿಗೆ ಕಿವಿ ತುದಿನೂ ಕಟ್ ಮಾಡಿದಾರೆ, ಡೆಲಿವರಿ ಹುಡುಗ್ರ ಬೈಕ್ ಕಂಡ್ರೆ ಇವತ್ತಿಗೂ ಬಿಡಲ್ಲ.